ಸೆಲ್‌ಗೆ ಬಿದ್ದ ಬೀಗ: ಲೆಕ್ಕದ ಹಾಳೆಯ ರಕ್ಷಣೆಯ ಚರಿತ್ರೆ

ಸ್ಪ್ರೆಡ್‌ಶೀಟ್ ಎಂದು ಕರೆಯಲಾಗುವ ಕಂಪ್ಯೂಟರ್ ಲೆಕ್ಕದ ಹಾಳೆಯಲ್ಲಿ ಕೆಲವು ಸೆಲ್‌ಗಳನ್ನು, ಅಂದರೆ ಅಡ್ಡಸಾಲು ಮತ್ತು ಕಂಬಸಾಲುಗಳು ಸಂಧಿಸುವ ಚೌಕಗಳನ್ನು, ಯಾರೂ ತಿದ್ದದಂತೆ ಲಾಕ್ ಮಾಡಿಡುವ ಪದ್ಧತಿ ಇಂದು ಬ್ಯಾಂಕು, ಶಾಲೆ, ಕಾರ್ಖಾನೆ, ಸರ್ಕಾರಿ ಕಚೇರಿ ಎಂಬ ಭೇದವಿಲ್ಲದೆ ರೂಢಿಯಲ್ಲಿದೆ. ಮೇಲ್ನೋಟಕ್ಕೆ ಇದು ತಂತ್ರಾಂಶದ ಹತ್ತಾರು ಸೌಲಭ್ಯಗಳಲ್ಲಿ ಒಂದಾಗಿ ತೋರಿದರೂ ಇದರ ಹುಟ್ಟಿಗೆ ಒಂದು ನಿರ್ದಿಷ್ಟ ಕಾಲವೂ ಒಂದು ನಿರ್ದಿಷ್ಟ ಕಾರಣವೂ ಇವೆ. 1979ರಿಂದ 1983ರವರೆಗಿನ ನಾಲ್ಕೈದು ವರ್ಷಗಳಲ್ಲಿ ಲೆಕ್ಕದ ಅಂಕಿಯೂ ಅದನ್ನು ಹುಟ್ಟಿಸುವ ಸೂತ್ರವೂ ಒಂದೇ ಚೌಕದಲ್ಲಿ ನೆಲೆಸುವ ವ್ಯವಸ್ಥೆ ಮನೆಮನೆಯ ಕಂಪ್ಯೂಟರಿಗೆ ಬಂದಿತು. ಅದರೊಂದಿಗೇ ಕೈತಪ್ಪಿ ಒತ್ತಿದ ಒಂದು ಕೀಲಿ ಲೆಕ್ಕದ ನಿಯಮವನ್ನೇ ಅಳಿಸಿಹಾಕುವ ಅಪಾಯವೂ ಬಂದಿತು. ಆ ಅಪಾಯಕ್ಕೆ ಕಂಡುಕೊಂಡ ಪರಿಹಾರವೇ ಸೆಲ್‌ನ ಬೀಗ. ಈ ಬೀಗ ಯಾವುದನ್ನು ಕಾಯಲು ಹುಟ್ಟಿತು ಎಂಬುದಕ್ಕೂ ಅದು ಯಾವುದನ್ನು ಕಾಯುತ್ತದೆಂದು ಜನ ಮುಂದೆ ನಂಬಿದರು ಎಂಬುದಕ್ಕೂ ನಡುವೆ ಬೆಳೆದ ಅಂತರವೇ ಇದರ ಚರಿತ್ರೆಯ ಮುಖ್ಯ ಎಳೆಯಾಗಿದೆ.

ಬರೆದಿಟ್ಟ ಲೆಕ್ಕ ಕೆಡದಂತೆ ನೋಡಿಕೊಳ್ಳುವ ಚಿಂತೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಪ್ರತಿಯಾಗಿ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲ, ಅಂದರೆ ಲೆಕ್ಕಪತ್ರಗಳ ಕಚೇರಿ, ಹೇಗೆ ನಡೆಯಬೇಕೆಂಬುದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕ್ರಮ ತಪ್ಪಿಸಿ, ಅರ್ಥವಾಗದಂತೆ ಅಥವಾ ಒಂದನ್ನೇ ಎರಡು ಸಲ ಬರೆದ ಕರಣಿಕನಿಗೆ ಆ ಗ್ರಂಥ 12 ಪಣಗಳ ದಂಡ ವಿಧಿಸುತ್ತದೆ. ತಪ್ಪು ನೀವಿಯಲ್ಲಿ, ಎಂದರೆ ಆಯದಿಂದ ವ್ಯಯವನ್ನು ಕಳೆದು ಉಳಿದ ಶೇಷದಲ್ಲಿ, ನಡೆದಿದ್ದರೆ ದಂಡ ಇಮ್ಮಡಿಯಾಗುತ್ತದೆ. ಲೆಕ್ಕದ ಎಲ್ಲ ಅಂಕಿಗಳೂ ಸಮಾನವಲ್ಲ, ಬೇರೆ ಅಂಕಿಗಳಿಂದ ಹುಟ್ಟಿ ಬಂದ ಅಂಕಿಗೆ ಹೆಚ್ಚಿನ ಕಾವಲು ಬೇಕು ಎಂಬ ತಿಳಿವಳಿಕೆ ಈ ಇಮ್ಮಡಿ ದಂಡದ ಹಿಂದೆ ಸ್ಪಷ್ಟವಾಗಿ ಕಾಣುತ್ತದೆ.

ಯುರೋಪಿನ ವರ್ತಕರ ಕಾಗದದ ಪುಸ್ತಕಗಳಲ್ಲಿ ಈ ಕಾವಲು ಬರೆಯುವ ವಿಧಾನದಲ್ಲೇ ಅಡಗಿತ್ತು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗ್ರಂಥದಲ್ಲಿ ಜಮೆ-ಖರ್ಚಿನ ದ್ವಿನಮೂದು ಪದ್ಧತಿಯನ್ನು ವಿವರಿಸಿದ ಲೂಕಾ ಪಚೋಲಿ, ಪುಸ್ತಕಗಳಿಗೆ ಗುರುತು ಹಾಕಬೇಕು, ಪುಟಗಳಿಗೆ ಸಂಖ್ಯೆ ಕೊಡಬೇಕು, ವರ್ತಕರ ಕಚೇರಿಗೆ ಒಯ್ದು ದೃಢೀಕರಿಸಿಕೊಳ್ಳಬೇಕು ಎಂದು ಸೂಚಿಸಿದ್ದನು. ಫ್ರಾನ್ಸಿನ 1807ರ ವಾಣಿಜ್ಯ ಸಂಹಿತೆ ಇದನ್ನು ಕಾನೂನಾಗಿಸಿ, ದಿನಚರಿ ಪುಸ್ತಕದ ಪುಟಗಳಿಗೆ ಸಂಖ್ಯೆಯೂ ಅಧಿಕಾರಿಯ ಕಿರುಸಹಿಯೂ ಇರತಕ್ಕದ್ದೆಂದೂ, ನಮೂದುಗಳು ತಾರೀಖಿನ ಕ್ರಮದಲ್ಲಿ, ನಡುವೆ ಖಾಲಿ ಜಾಗವಾಗಲಿ ಅಂಚಿನಲ್ಲಿ ಬರವಣಿಗೆಯಾಗಲಿ ಇಲ್ಲದಂತೆ ಸಾಗತಕ್ಕದ್ದೆಂದೂ ವಿಧಿಸಿತು. ಇಂಥ ಪುಸ್ತಕದಲ್ಲಿ ತಪ್ಪನ್ನು ತಡೆಯುವ ಬೀಗವೇನೂ ಇರಲಿಲ್ಲ; ಆದರೆ ಶಾಯಿಯಲ್ಲಿ ಬರೆದ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದಾಗ, ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದವರ ಹೆಸರು ಮೂರೂ ಅದೇ ಪುಟದಲ್ಲಿ ಉಳಿಯುತ್ತಿದ್ದವು. ಚಿತ್ತು ಎಷ್ಟೇ ಅಂದಗೇಡಿಯಾಗಿ ಕಂಡರೂ ಲೆಕ್ಕ ತನಿಖೆ ಮಾಡುವವನಿಗೆ ಅದೇ ಸಾಕ್ಷಿಯಾಗಿತ್ತು.

ಇದಕ್ಕೆ ತದ್ವಿರುದ್ಧವಾದ ಬರವಣಿಗೆಯ ಸಾಧನವೊಂದು ಕನ್ನಡ ನಾಡಿನಲ್ಲೇ ಬಹುಕಾಲ ಬಳಕೆಯಲ್ಲಿತ್ತು. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತದ ಮೇಲೆ ಬಳಪದಿಂದ ಬರೆಯಲಾಗುತ್ತಿತ್ತು. ವರ್ತಕರ ಲೆಕ್ಕಗಳಿಗೂ ಮಠಮಾನ್ಯಗಳ ದಾಖಲೆಗಳಿಗೂ ಇದು ಬಳಕೆಯಾಗುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಮುಖ್ಯ ಆಕರಗಳಾಗಿವೆ. ಮೈಸೂರಿನ ಚರಿತ್ರೆಯನ್ನು 1810ರಿಂದ ಪ್ರಕಟಿಸತೊಡಗಿದ ಮಾರ್ಕ್ ವಿಲ್ಕ್ಸ್ ಈ ಕಡತವನ್ನು ವಿವರವಾಗಿ ವರ್ಣಿಸಿ, ಅದರ ಬರಹವನ್ನು ಒರೆಸಿ ಮತ್ತೆ ಬರೆಯಬಹುದೆಂಬುದನ್ನು ಗುರುತಿಸಿದ್ದಾನೆ. ಬರೆದುದು ತಾನಾಗಿ ಮಾಸದೆ ದೀರ್ಘಕಾಲ ಬಾಳುವುದು ಕಡತದ ಗುಣವಾದರೆ, ಒರೆಸಿದ ಬರಹದ ಗುರುತು ಉಳಿಯದಿರುವುದು ಅದರ ದೋಷ. ಹೀಗೆ ಬರೆಯುವ ಸಾಧನಗಳಲ್ಲಿ ತಿದ್ದುಪಡಿಯ ಗುರುತನ್ನು ಉಳಿಸಿಕೊಳ್ಳುವುದು, ಉಳಿಸಿಕೊಳ್ಳದಿರುವುದು ಎಂಬ ಎರಡು ಬಗೆಗಳು ಮೊದಲಿನಿಂದಲೂ ಇದ್ದವು. ಕಂಪ್ಯೂಟರಿನ ಲೆಕ್ಕದ ಹಾಳೆ ತನ್ನ ಅಡ್ಡಸಾಲು ಕಂಬಸಾಲುಗಳ ರೂಪವನ್ನು ಕಾಗದದ ಪುಸ್ತಕದಿಂದ ಪಡೆದುಕೊಂಡಿತಾದರೂ ಗುಣದಲ್ಲಿ ಎರಡನೆಯ ಬಗೆಗೆ ಸೇರಿತು.

ಆದರೆ ಕಂಪ್ಯೂಟರ್ ಲೆಕ್ಕ ಆರಂಭದಿಂದಲೇ ಹೀಗಿರಲಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಮಟೆಸಿಕ್ ಕಂಪನಿಯ ಆಯವ್ಯಯವನ್ನು ಕೋಷ್ಟಕ ರೂಪದಲ್ಲಿ ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವ ಕಲ್ಪನೆಯನ್ನು 1961ರಲ್ಲಿ ಮಂಡಿಸಿ, 1964ರಲ್ಲಿ ಅದರ ಪ್ರೋಗ್ರಾಮನ್ನು ಫೋರ್ಟ್ರಾನ್ ಭಾಷೆಯಲ್ಲಿ ಪ್ರಕಟಿಸಿದಾಗ, ಲೆಕ್ಕದ ನಿಯಮಗಳು ಪ್ರೋಗ್ರಾಮಿನಲ್ಲಿದ್ದವು, ಅಂಕಿಗಳು ಅದರ ಹೊರಗಿದ್ದವು. ಆ ಕಾಲದ ದೊಡ್ಡ ಕಂಪ್ಯೂಟರುಗಳಿಗೆ ಪ್ರೋಗ್ರಾಮನ್ನು ಒಂದು ಕಟ್ಟು ರಂಧ್ರಕಾರ್ಡುಗಳಲ್ಲಿಯೂ ಅಂಕಿಅಂಶಗಳನ್ನು ಇನ್ನೊಂದು ಕಟ್ಟಿನಲ್ಲಿಯೂ ಕೊಡುವುದು ಸಾಮಾನ್ಯವಾಗಿತ್ತು. ಅಂಕಿ ತುಂಬುವ ಗುಮಾಸ್ತನಿಂದ ಅಂಕಿ ತಪ್ಪಬಹುದಿತ್ತೇ ಹೊರತು ಸೂತ್ರ ಅಳಿಯುವ ಸಂಭವವಿರಲಿಲ್ಲ, ಏಕೆಂದರೆ ಸೂತ್ರ ಅವನ ಕೈಗೆ ಎಟುಕುತ್ತಲೇ ಇರಲಿಲ್ಲ. ಅದೇ ಕಾರಣಕ್ಕೆ ಒಂದು ಸಣ್ಣ ನಿಯಮವನ್ನು ಬದಲಿಸಬೇಕಾದರೂ ಲೆಕ್ಕಿಗ ಪ್ರೋಗ್ರಾಮರನ ಬಳಿಗೆ ಹೋಗಿ ತನ್ನ ಸರದಿಗೆ ಕಾಯಬೇಕಿತ್ತು.

ಈ ಕಾಯುವಿಕೆಯನ್ನು ಕೊನೆಗಾಣಿಸಿದ್ದು 1979ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ಬಂದ ವಿಸಿಕ್ಯಾಲ್ಕ್. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದ ಡಾನ್ ಬ್ರಿಕ್ಲಿನ್ 1978ರಲ್ಲಿ ಇದನ್ನು ಕಲ್ಪಿಸಿಕೊಂಡರು. ಬಾಬ್ ಫ್ರಾಂಕ್‌ಸ್ಟನ್ ಪ್ರೋಗ್ರಾಮ್ ಬರೆದರು. 254 ಅಡ್ಡಸಾಲು, 63 ಕಂಬಸಾಲುಗಳ ಆ ಹಾಳೆಯಲ್ಲಿ ಒಂದೊಂದು ಸೆಲ್‌ನಲ್ಲಿಯೂ ಅಂಕಿಯನ್ನಾಗಲಿ, ಬೇರೆ ಸೆಲ್‌ಗಳನ್ನು ಉಲ್ಲೇಖಿಸಿ ಉತ್ತರ ಕಂಡುಹಿಡಿಯುವ ಫಾರ್ಮುಲಾವನ್ನಾಗಲಿ ಇಡಬಹುದಿತ್ತು. ಒಂದು ಅಂಕಿ ಬದಲಾದ ಕೂಡಲೇ ಅದನ್ನು ಅವಲಂಬಿಸಿದ ಎಲ್ಲ ಅಂಕಿಗಳೂ ತಾವಾಗಿಯೇ ಬದಲಾಗುತ್ತಿದ್ದವು. ಲೆಕ್ಕಿಗನೇ ತನ್ನ ನಿಯಮ ಬರೆದುಕೊಳ್ಳುವ ಸ್ವಾತಂತ್ರ್ಯ ಇದರಿಂದ ದೊರೆಯಿತು. ಆದರೆ ಪರದೆಯ ಮೇಲೆ ಕಾಣುತ್ತಿದ್ದುದು ಫಾರ್ಮುಲಾದ ಉತ್ತರವೇ ಆದ್ದರಿಂದ, ಕೈಯಿಂದ ಬರೆದ 1,200 ಎಂಬ ಅಂಕಿಗೂ ಫಾರ್ಮುಲಾದಿಂದ ಬಂದ 1,200 ಎಂಬ ಅಂಕಿಗೂ ನೋಟದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಈ ಏಕರೂಪತೆಯ ಪರಿಣಾಮವನ್ನು ಒಂದು ಸಣ್ಣ ಉದಾಹರಣೆಯಿಂದ ನೋಡಬಹುದು. 10,000 ರೂಪಾಯಿ ಅಸಲಿಗೆ ಶೇ. 12ರಂತೆ ವಾರ್ಷಿಕ ಬಡ್ಡಿ ಕಟ್ಟುವ ಹಾಳೆಯಲ್ಲಿ ಅಸಲು ಒಂದು ಸೆಲ್‌ನಲ್ಲಿಯೂ, ದರ ಇನ್ನೊಂದರಲ್ಲಿಯೂ, ಅವೆರಡನ್ನು ಗುಣಿಸುವ ಫಾರ್ಮುಲಾ ಮೂರನೆಯದರಲ್ಲಿಯೂ ಇದ್ದು, ಮೂರನೆಯ ಸೆಲ್ 1,200 ತೋರಿಸುತ್ತಿರುತ್ತದೆ. ಹಾಳೆಯನ್ನು ತುಂಬುವವರು ಕರ್ಸರನ್ನು ತಪ್ಪಿ ಆ ಮೂರನೆಯ ಸೆಲ್‌ಗೆ ಒಯ್ದು, ಅಲ್ಲಿ ಕಾಣುವ 1,200ನ್ನೇ ಮತ್ತೆ ಟೈಪ್ ಮಾಡಿದರೆಂದುಕೊಂಡರೆ, ಪರದೆಯ ಮೇಲೆ ಏನೂ ಬದಲಾದಂತೆ ಕಾಣುವುದಿಲ್ಲ; ಆ ದಿನದ ಮೊತ್ತವೂ ಸರಿಯಾಗಿಯೇ ಇರುತ್ತದೆ. ಮುಂದಿನ ತಿಂಗಳು ಅಸಲು 15,000 ಆದಾಗ ಬಡ್ಡಿ 1,800 ಆಗುವ ಬದಲು 1,200ರಲ್ಲೇ ನಿಂತಿರುತ್ತದೆ, ಕೆಳಗಿನ ಒಟ್ಟು ಮೊತ್ತವೂ ಅದನ್ನೇ ನಂಬಿ ಮುಂದೆ ಸಾಗುತ್ತದೆ. ತಪ್ಪು ನಡೆದ ಗಳಿಗೆಗೂ ಅದು ಬಯಲಾಗುವ ಗಳಿಗೆಗೂ ನಡುವೆ ಹೀಗೆ ತಿಂಗಳುಗಟ್ಟಲೆ ಅಂತರ ಬೀಳಬಹುದಾದುದು ಕಾಗದದ ಪುಸ್ತಕದಲ್ಲಿ ಕಾಣದಿದ್ದ ಹೊಸ ಬಗೆಯ ಅಪಾಯವಾಗಿತ್ತು. ಮೊದಲ ವಿಸಿಕ್ಯಾಲ್ಕ್‌ನಲ್ಲಿ ಸೆಲ್ಲನ್ನು ಕಾಯುವ ಆಜ್ಞೆಯೂ ಇರಲಿಲ್ಲ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅನ್‌ಡು ಸೌಲಭ್ಯವೂ ಇರಲಿಲ್ಲ.

ಈ ಕೊರತೆಯನ್ನು ವಿಸಿಕ್ಯಾಲ್ಕ್‌ನ ಪ್ರತಿಸ್ಪರ್ಧಿಗಳು ಬೇಗನೆ ಗುರುತಿಸಿದರು. 1981ರಲ್ಲಿ ಬಂದ ಆಸ್ಬೋರ್ನ್ 1 ಎಂಬ ಹೊತ್ತೊಯ್ಯಬಹುದಾದ ಕಂಪ್ಯೂಟರಿನ ಜತೆಗೇ ಸಿಗುತ್ತಿದ್ದ ಸೂಪರ್‌ಕ್ಯಾಲ್ಕ್‌ನಲ್ಲಿ ಪ್ರೊಟೆಕ್ಟ್, ಅನ್‌ಪ್ರೊಟೆಕ್ಟ್ ಎಂಬ ಎರಡು ಆಜ್ಞೆಗಳಿದ್ದವು. ಮೈಕ್ರೋಸಾಫ್ಟ್ 1982ರಲ್ಲಿ ಹೊರತಂದ ಮಲ್ಟಿಪ್ಲಾನ್‌ನಲ್ಲಿ ಲಾಕ್ ಎಂಬ ಆಜ್ಞೆಯಿದ್ದು, ಅದರಿಂದ ಬೇಕಾದ ಸೆಲ್‌ಗಳನ್ನು ಆರಿಸಿಯಾದರೂ, ಫಾರ್ಮುಲಾ ಇರುವ ಸೆಲ್‌ಗಳನ್ನೆಲ್ಲ ಒಟ್ಟಿಗೆ ಆದರೂ ಭದ್ರಪಡಿಸಬಹುದಿತ್ತು. ಇವೆರಡರಲ್ಲಿಯೂ ಹಾಳೆ ಸಹಜವಾಗಿ ತೆರೆದೇ ಇರುತ್ತಿತ್ತು, ಬೀಗ ಬೇಕಾದಲ್ಲಿ ಮಾತ್ರ ಅದನ್ನು ಹಾಕಬೇಕಿತ್ತು. 1983ರ ಜನವರಿಯಲ್ಲಿ ಮಿಚ್ ಕೇಪರ್ ಮತ್ತು ಜೊನಾಥನ್ ಸ್ಯಾಕ್ಸ್ ಅವರ ಲೋಟಸ್ 1-2-3 ಐಬಿಎಂ ಪಿಸಿಗೆ ಬಂದಾಗ ಈ ಕ್ರಮ ತಲೆಕೆಳಗಾಯಿತು. ಅದರಲ್ಲಿ ಪ್ರತಿಯೊಂದು ಸೆಲ್ಲೂ ಹುಟ್ಟುವಾಗಲೇ ರಕ್ಷಿತವೆಂಬ ಗುರುತನ್ನು ಹೊತ್ತಿರುತ್ತಿತ್ತು, ಆದರೆ ಇಡೀ ಹಾಳೆಯ ರಕ್ಷಣೆಯನ್ನು ಚಾಲೂ ಮಾಡುವವರೆಗೆ ಆ ಗುರುತಿಗೆ ಬಲವಿರುತ್ತಿರಲಿಲ್ಲ. ಹಾಳೆಯನ್ನು ಕಟ್ಟಿದವರು ಅಂಕಿ ತುಂಬಬೇಕಾದ ಸೆಲ್‌ಗಳನ್ನಷ್ಟೇ ಬಿಡಿಸಿ, ಬಳಿಕ ರಕ್ಷಣೆಯನ್ನು ಚಾಲೂ ಮಾಡುತ್ತಿದ್ದರು. ಬಿಡಿಸಿದ ಸೆಲ್‌ಗಳು ಪರದೆಯಲ್ಲಿ ಎದ್ದು ಕಾಣುತ್ತಿದ್ದವು, ಉಳಿದವುಗಳಲ್ಲಿ ಏನನ್ನಾದರೂ ಬರೆಯಹೋದರೆ ಕಂಪ್ಯೂಟರ್ ಸದ್ದು ಮಾಡಿ, ಅದು ರಕ್ಷಿತ ಸೆಲ್ ಎಂದು ತಿಳಿಸುತ್ತಿತ್ತು. ರೇಂಜ್ ಇನ್‌ಪುಟ್ ಎಂಬ ಇನ್ನೊಂದು ಆಜ್ಞೆ ಕೊಟ್ಟರಂತೂ ಕರ್ಸರ್ ತೆರೆದ ಸೆಲ್‌ನಿಂದ ತೆರೆದ ಸೆಲ್‌ಗೆ ಮಾತ್ರ ಸಾಗುತ್ತಿತ್ತು.

ಈ ತಲೆಕೆಳಗಿನ ಕ್ರಮ ಕಚೇರಿಯ ಕೆಲಸದ ಹಂಚಿಕೆಯನ್ನೂ ಪ್ರಭಾವಿಸಿತು. ಎಲ್ಲಿ ಬೀಗ ಹಾಕಬೇಕೆಂದು ಯೋಚಿಸುವುದಕ್ಕೂ ಎಲ್ಲಿ ಬರೆಯಲು ಅವಕಾಶ ಕೊಡಬೇಕೆಂದು ಯೋಚಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಯೋಚನೆಯಲ್ಲಿ ಹಾಳೆಯು ಲೆಕ್ಕ ಹಾಕುವ ಜಾಗವಾಗಿ ಉಳಿಯದೆ ಭರ್ತಿ ಮಾಡಬೇಕಾದ ನಮೂನೆಯಾಗುತ್ತದೆ. ಫಾರ್ಮುಲಾ ಬರೆಯಬಲ್ಲವರು ನಮೂನೆ ತಯಾರಿಸಿ ಬೀಗ ಹಾಕುವುದು, ಉಳಿದವರು ತೆರೆದ ಚೌಕಗಳನ್ನು ತುಂಬಿ ಹಿಂದಿರುಗಿಸುವುದು ಎಂಬ ವಿಭಜನೆ ಇದರೊಡನೆ ನೆಲೆಗೊಂಡಿತು. ರಂಧ್ರಕಾರ್ಡಿನ ಕಾಲದಲ್ಲಿ ಪ್ರೋಗ್ರಾಮರನಿಗೂ ಗುಮಾಸ್ತನಿಗೂ ನಡುವೆ ಇದ್ದು ವಿಸಿಕ್ಯಾಲ್ಕ್ ಅಳಿಸಿಹಾಕಿದ್ದ ಗೆರೆಯನ್ನು ಬೀಗವು ಅದೇ ಹಾಳೆಯೊಳಗೆ ಮತ್ತೆ ಎಳೆಯಿತೆಂದು ಹೇಳಬಹುದು. ಅನ್‌ಡು ಸೌಲಭ್ಯ ಲೋಟಸ್‌ಗೆ ಬಂದುದು 1989ರ 2.2 ಆವೃತ್ತಿಯಲ್ಲಿ. ಅಂದರೆ ತಪ್ಪಿದ ಕೈಯನ್ನು ಹಿಂದಕ್ಕೆಳೆಯುವುದಕ್ಕಿಂತ ಆರು ವರ್ಷ ಮೊದಲೇ ಅದನ್ನು ತಡೆಯುವ ಏರ್ಪಾಡು ಆಗಿತ್ತು.

1985ರಲ್ಲಿ ಮ್ಯಾಕಿಂತೋಷ್‌ಗೂ 1987ರಲ್ಲಿ ವಿಂಡೋಸ್‌ಗೂ ಬಂದ ಮೈಕ್ರೋಸಾಫ್ಟ್ ಎಕ್ಸೆಲ್ ತನ್ನದೇ ಸಂಸ್ಥೆಯ ಮಲ್ಟಿಪ್ಲಾನ್‌ನ ಕ್ರಮವನ್ನು ಬಿಟ್ಟು ಲೋಟಸ್‌ನ ಕ್ರಮವನ್ನೇ ಅನುಸರಿಸಿತು. ಇಂದಿಗೂ ಎಕ್ಸೆಲ್‌ನ ಹೊಸ ಹಾಳೆಯಲ್ಲಿ ಎಲ್ಲ ಸೆಲ್‌ಗಳೂ ಲಾಕ್ಡ್ ಎಂಬ ಗುರುತಿನೊಡನೆಯೇ ಹುಟ್ಟುತ್ತವೆ. ಪ್ರೊಟೆಕ್ಟ್ ಶೀಟ್ ಎಂಬ ಆಜ್ಞೆ ಕೊಟ್ಟಾಗಲಷ್ಟೇ ಅದು ಜಾರಿಗೆ ಬರುತ್ತದೆ. ಮೊದಲ ಸಲ ಹಾಳೆಗೆ ರಕ್ಷಣೆ ಕೊಡುವವರು ತಾವೇ ಒಂದು ಅಕ್ಷರವನ್ನೂ ಬರೆಯಲಾಗದೆ ತಬ್ಬಿಬ್ಬಾಗುವುದಕ್ಕೆ 1983ರ ಈ ಆಯ್ಕೆಯೇ ಕಾರಣ. ಕಾಲಕ್ರಮದಲ್ಲಿ ರಕ್ಷಣೆಗೆ ಮೂರು ಸ್ತರಗಳು ಏರ್ಪಟ್ಟವು: ಸೆಲ್‌ಗಳನ್ನು ಕಾಯುವ ಹಾಳೆಯ ರಕ್ಷಣೆ, ಹಾಳೆಗಳನ್ನು ಸೇರಿಸುವುದನ್ನೂ ಅಳಿಸುವುದನ್ನೂ ತಡೆಯುವ ವರ್ಕ್‌ಬುಕ್‌ನ ರಕ್ಷಣೆ, ಫೈಲನ್ನು ತೆರೆಯುವುದಕ್ಕೇ ಪಾಸ್‌ವರ್ಡ್ ಕೇಳುವ ಗೂಢಲಿಪೀಕರಣ. ಎಕ್ಸೆಲ್ 2002 ಆವೃತ್ತಿಯಲ್ಲಿ, ರಕ್ಷಿತ ಹಾಳೆಯಲ್ಲಿಯೂ ಕಂಬಸಾಲಿನ ಅಗಲ ಬದಲಿಸುವುದು, ಅಡ್ಡಸಾಲು ಸೇರಿಸುವುದು ಮೊದಲಾದ ಯಾವ ಯಾವ ಕೆಲಸಗಳಿಗೆ ಅನುಮತಿಯಿದೆ ಎಂದು ಒಂದೊಂದಾಗಿ ಗುರುತಿಸುವ ಪಟ್ಟಿಯೂ ಸೇರಿತು.

ಹಾಳೆಯ ರಕ್ಷಣೆಗೆ ಪಾಸ್‌ವರ್ಡ್ ಜೊತೆಯಾದಾಗ ಈ ಚರಿತ್ರೆಯ ದೊಡ್ಡ ತಪ್ಪುಗ್ರಹಿಕೆ ಬೇರೂರಿತು. ಪಾಸ್‌ವರ್ಡ್ ಇರುವುದೆಲ್ಲ ಭದ್ರವೆಂದು ನಂಬಿದ ಜನ, ಸಂಬಳದ ವಿವರ, ಪರೀಕ್ಷೆಯ ಅಂಕ, ಬೆಲೆಯ ಲೆಕ್ಕಾಚಾರಗಳನ್ನು ಅಡಗಿಸಿಡುವುದಕ್ಕೂ ಇದನ್ನೇ ಬಳಸತೊಡಗಿದರು. ವಾಸ್ತವದಲ್ಲಿ ಹಳೆಯ ಎಕ್ಸೆಲ್ ಹಾಳೆಯ ಪಾಸ್‌ವರ್ಡನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಪಾಸ್‌ವರ್ಡಿನಿಂದ ಗಣಿತದ ಮೂಲಕ ಪಡೆದ 16 ಬಿಟ್‌ಗಳ ಒಂದು ಚಿಕ್ಕ ಸಂಖ್ಯೆಯನ್ನು, ಅಂದರೆ ಹ್ಯಾಷನ್ನು, ಮಾತ್ರ ಉಳಿಸಿಕೊಳ್ಳುತ್ತಿತ್ತು. 16 ಬಿಟ್‌ಗಳಲ್ಲಿ ಹಿಡಿಯುವ ಸಂಖ್ಯೆಗಳು ಹೆಚ್ಚೆಂದರೆ 65,536 ಮಾತ್ರ. ಬರೆಯಬಹುದಾದ ಪಾಸ್‌ವರ್ಡುಗಳಾದರೋ ಲೆಕ್ಕವಿಲ್ಲದಷ್ಟು. ಹಾಗಾಗಿ ಅಸಂಖ್ಯ ಪಾಸ್‌ವರ್ಡುಗಳಿಗೆ ಒಂದೇ ಹ್ಯಾಷ್ ಬರುವುದು ಅನಿವಾರ್ಯವಾಗಿತ್ತು. ಹನ್ನೊಂದು ಸ್ಥಾನಗಳಲ್ಲಿ ಇಂಗ್ಲಿಷಿನ ಎ ಅಥವಾ ಬಿ ಅಕ್ಷರವನ್ನೂ ಹನ್ನೆರಡನೆಯದರಲ್ಲಿ 95 ಮುದ್ರಣೀಯ ಚಿಹ್ನೆಗಳಲ್ಲಿ ಒಂದನ್ನೂ ಇಟ್ಟು, ಒಟ್ಟು 1,94,560 ಜೋಡಣೆಗಳನ್ನು ಒಂದಾದ ಮೇಲೊಂದು ಪ್ರಯತ್ನಿಸುವ ಒಂದು ಸಣ್ಣ ಮ್ಯಾಕ್ರೋ, ಅಂದರೆ ಎಕ್ಸೆಲ್‌ನೊಳಗೇ ಓಡುವ ಪ್ರೋಗ್ರಾಮ್, ಜಗತ್ತಿನ ಕಚೇರಿಗಳಲ್ಲೆಲ್ಲ ಕೈಯಿಂದ ಕೈಗೆ ಹರಿದಾಡಿತು. ಮೂಲ ಪಾಸ್‌ವರ್ಡ್ ಯಾವುದೆಂದು ಅದಕ್ಕೆ ತಿಳಿಯುತ್ತಿರಲಿಲ್ಲವಾದರೂ ಅದೇ ಬೀಗಕ್ಕೆ ಹೊಂದುವ ಇನ್ನೊಂದು ಕೀಲಿ ಸಿಕ್ಕುತ್ತಿತ್ತು. ಹಾಳೆ ಕಟ್ಟಿದ ನೌಕರ ವರ್ಗವಾಗಿಯೋ ನಿವೃತ್ತನಾಗಿಯೋ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ ಪೇಚಿಗೆ ಸಿಲುಕಿದವರಿಗೆ ಅದು ಉಪಕಾರವನ್ನೇ ಮಾಡಿತು.

ಎಕ್ಸೆಲ್ 2007ರಿಂದ ಫೈಲಿನ ಸ್ವರೂಪವೇ ಬದಲಾಗಿ, ಅದು ಎಕ್ಸ್‌ಎಂಎಲ್ ಎಂಬ ಓದಬಹುದಾದ ಪಠ್ಯಗಳನ್ನು ಒಳಗೊಂಡ ಜಿಪ್ ಕಟ್ಟಾಯಿತು. ಹಾಳೆ ರಕ್ಷಿತವೆಂಬ ಸೂಚನೆ ಆ ಪಠ್ಯದಲ್ಲಿ ಒಂದು ಸಾಲಾಗಿ ಕಾಣತೊಡಗಿತು. ಎಕ್ಸೆಲ್ 2013 ಹಳೆಯ ಹ್ಯಾಷನ್ನು ಕೈಬಿಟ್ಟು ಎಸ್‌ಎಚ್‌ಎ-512 ಎಂಬ ಬಲವಾದ ವಿಧಾನವನ್ನು 1,00,000 ಸಲ ಆವರ್ತಿಸಿ ಬಳಸಿದ್ದರಿಂದ ಪಾಸ್‌ವರ್ಡನ್ನು ಊಹಿಸುವುದು ಕಷ್ಟವಾಯಿತಾದರೂ, ಆ ಸಾಲನ್ನೇ ತೆಗೆದುಹಾಕುವವರನ್ನು ತಡೆಯುವ ಶಕ್ತಿ ಅದಕ್ಕೆ ಬರಲಿಲ್ಲ. ಹಾಳೆಯ ರಕ್ಷಣೆಯನ್ನು ಭದ್ರತಾ ವ್ಯವಸ್ಥೆಯೆಂದು ಭಾವಿಸಬಾರದೆಂದು ಮೈಕ್ರೋಸಾಫ್ಟ್ ತನ್ನ ಕೈಪಿಡಿಗಳಲ್ಲಿ ಎಚ್ಚರಿಸುತ್ತದೆ. ಕಳ್ಳನನ್ನು ತಡೆಯುವುದು ಈ ಬೀಗದ ಉದ್ದೇಶವಾಗಿರಲೇ ಇಲ್ಲ. ಒಳ್ಳೆಯ ಮನಸ್ಸಿನಿಂದ ಕೆಲಸ ಮಾಡುವವರ ಕೈ ತಪ್ಪಿದಾಗ ತಡೆಯುವುದಷ್ಟೇ ಅದರ ಕೆಲಸವಾಗಿತ್ತು, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು.

ಆದರೆ ಕೈತಪ್ಪುಗಳೆಲ್ಲವೂ ಬೀಗದ ವ್ಯಾಪ್ತಿಯೊಳಗೆ ಬರುವುದಿಲ್ಲ ಎಂಬುದು ನಂತರದ ದಶಕಗಳಲ್ಲಿ ಸ್ಪಷ್ಟವಾಯಿತು. ಕೆನಡಾದ ವಿದ್ಯುತ್ ಸಂಸ್ಥೆ ಟ್ರಾನ್ಸ್‌ಆಲ್ಟಾ 2003ರಲ್ಲಿ ನ್ಯೂಯಾರ್ಕಿನ ವಿದ್ಯುತ್ ಸಾಗಣೆಯ ಗುತ್ತಿಗೆಗಳಿಗೆ ಬೆಲೆ ಕೂಗುವಾಗ, ಎಕ್ಸೆಲ್ ಹಾಳೆಯಲ್ಲಿ ಕತ್ತರಿಸಿ ಅಂಟಿಸುವಾಗಿನ ತಪ್ಪಿನಿಂದ ಸಾಲುಗಳು ಹೊಂದಿಕೆ ತಪ್ಪಿ 2.4 ಕೋಟಿ ಡಾಲರ್ ನಷ್ಟ ಅನುಭವಿಸಿತು. ಅಂಟಿಸಿದ ಜಾಗ ಬರೆಯಲು ಅನುಮತಿಯಿರುವ ಜಾಗವೇ ಆಗಿದ್ದರೆ ಯಾವ ಬೀಗವೂ ಇದನ್ನು ತಡೆಯಲಾರದು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರಕಟಿಸಿದ, ಸಾಲ ಹೆಚ್ಚಿದ ದೇಶಗಳ ಆರ್ಥಿಕ ಬೆಳವಣಿಗೆಯ ಕುರಿತ ಪ್ರಬಂಧದಲ್ಲಿ, ಸರಾಸರಿ ತೆಗೆಯುವ ಫಾರ್ಮುಲಾ 30ರಿಂದ 49ನೆಯ ಸಾಲಿನವರೆಗೆ ಹಬ್ಬಬೇಕಾದುದು 44ಕ್ಕೇ ನಿಂತು ಐದು ದೇಶಗಳು ಬಿಟ್ಟುಹೋಗಿದ್ದುದನ್ನು 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿಯೂ ಆತನ ಅಧ್ಯಾಪಕರೂ ತೋರಿಸಿಕೊಟ್ಟರು. ಇಂಥ ಹಾಳೆಗೆ ಬೀಗ ಹಾಕಿದ್ದರೆ ತಪ್ಪು ಫಾರ್ಮುಲಾ ಇನ್ನಷ್ಟು ಭದ್ರವಾಗಿ ಉಳಿಯುತ್ತಿತ್ತು, ಏಕೆಂದರೆ ಬೀಗಕ್ಕೆ ಸರಿ ತಪ್ಪುಗಳ ವಿವೇಚನೆಯಿಲ್ಲ. ವಂಶವಾಹಿಗಳ ಅಧ್ಯಯನದಲ್ಲಿ ಮಾರ್ಚ್1 ಎಂಬ ಜೀನ್‌ನ ಹೆಸರನ್ನು ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅದನ್ನು ತಾರೀಖೆಂದು ಭಾವಿಸಿ ಬದಲಿಸುತ್ತಿದ್ದುದು ಇನ್ನೊಂದು ಬಗೆಯ ತೊಡಕು. ಇಲ್ಲಿ ತಪ್ಪುತ್ತಿದ್ದುದು ತಂತ್ರಾಂಶವೇ ಹೊರತು ಬಳಕೆದಾರನಲ್ಲ. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಅಂಥ ಹೆಸರುಗಳನ್ನು ಬದಲಿಸಿದುದನ್ನು ಪ್ರಕಟಿಸಿತು.

ಹೀಗೆ ಬೀಗದ ಮಿತಿಗಳು ಅರಿವಿಗೆ ಬಂದಂತೆ, ಬದಲಾವಣೆಯನ್ನು ತಡೆಯುವುದಕ್ಕಿಂತ ಅದರ ಗುರುತನ್ನು ಉಳಿಸುವ ಕಡೆಗೆ ಒಲವು ಸಾಗಿತು. 2006ರಲ್ಲಿ ಆರಂಭವಾದ ಗೂಗಲ್‌ನ ಲೆಕ್ಕದ ಹಾಳೆಯನ್ನು ಹಲವರು ಏಕಕಾಲದಲ್ಲಿ ತಿದ್ದಬಹುದಾದ್ದರಿಂದ, ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ಆವೃತ್ತಿಗಳ ಇತಿಹಾಸ ಅದರ ಮುಖ್ಯ ಅಂಗವಾಯಿತು. ಅದರಲ್ಲಿ ಕೆಲವು ಸೆಲ್‌ಗಳನ್ನು ಪೂರ್ತಿ ಮುಚ್ಚದೆ, ತಿದ್ದಹೊರಟವರಿಗೆ ಎಚ್ಚರಿಕೆಯನ್ನಷ್ಟೇ ತೋರಿಸಿ, ಬೇಕೆಂದರೆ ಮುಂದುವರಿಯಲು ಬಿಡುವ ಮಧ್ಯಮ ಮಾರ್ಗವೂ ಇದೆ. ಬದಲಾವಣೆಯ ಗುರುತನ್ನು ಉಳಿಸುವ ತತ್ತ್ವ ಲೆಕ್ಕದ ಹಾಳೆಗಳ ಆಚೆಯ ದಾಖಲೆಗಳಲ್ಲಿ ಇನ್ನೂ ಮೊದಲೇ ಕಾಣಿಸಿಕೊಂಡಿತ್ತು. ಕರ್ನಾಟಕದ ಕಂದಾಯ ಇಲಾಖೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ, ದಾಖಲೆಯನ್ನು ತಿದ್ದುವ ನೌಕರರು ಪಾಸ್‌ವರ್ಡಿನ ಬದಲು ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಮಾಡಿದ್ದರ ಉದ್ದೇಶವೂ, ಯಾವ ಬದಲಾವಣೆ ಯಾರಿಂದ ಆಯಿತೆಂಬುದನ್ನು ಮುಂದೆ ಯಾರೂ ಅಲ್ಲಗಳೆಯದಂತೆ ಮಾಡುವುದೇ ಆಗಿತ್ತು.

ಭಾರತದ ಕಂಪನಿ ಕಾನೂನಿನ ಅಡಿಯಲ್ಲಿ 2014ರಲ್ಲಿ ರೂಪುಗೊಂಡ ಲೆಕ್ಕಪತ್ರ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿ ಈ ಒಲವಿಗೆ ಶಾಸನದ ಬಲ ನೀಡಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅದರ ಪ್ರಕಾರ, ಕಂಪನಿಗಳು ತಂತ್ರಾಂಶದಲ್ಲಿ ಲೆಕ್ಕ ಇಡುವುದಾದರೆ, ಪ್ರತಿಯೊಂದು ವ್ಯವಹಾರದ ಪ್ರತಿಯೊಂದು ತಿದ್ದುಪಡಿಯನ್ನೂ ತಾರೀಖಿನ ಸಮೇತ ದಾಖಲಿಸುವ ಆಡಿಟ್ ಟ್ರೇಲ್ ಸೌಲಭ್ಯ ಅದರಲ್ಲಿರಬೇಕು ಮತ್ತು ಆ ಸೌಲಭ್ಯವನ್ನು ಯಾರೂ ಬಂದ್ ಮಾಡುವಂತಿರಬಾರದು. ಬಿಡಿ ಫೈಲಾಗಿ ಮೇಜಿನಿಂದ ಮೇಜಿಗೆ ಸಾಗುವ ಎಕ್ಸೆಲ್ ಹಾಳೆ ಈ ಷರತ್ತನ್ನು ತಾನಾಗಿ ಪೂರೈಸಲಾರದು. ಅದಕ್ಕೆ ಎಷ್ಟೇ ಬಿಗಿಯಾಗಿ ಬೀಗ ಹಾಕಿದರೂ, ಬೀಗ ತೆಗೆದು ತಿದ್ದಿ ಮತ್ತೆ ಹಾಕಿದವರ ಹೆಸರು ಅಲ್ಲಿ ದಾಖಲಾಗುವುದಿಲ್ಲ. ಆದ್ದರಿಂದ ಕಾನೂನುಬದ್ಧ ಲೆಕ್ಕಪುಸ್ತಕದ ಸ್ಥಾನದಿಂದ ಹಾಳೆ ಹಿಂದೆ ಸರಿಯುತ್ತಿದ್ದರೂ ಅಂದಾಜು, ಹೋಲಿಕೆ, ಮಾಹಿತಿ ಸಂಗ್ರಹಣೆಯ ನಮೂನೆಗಳಲ್ಲಿ ಅದರ ಬಳಕೆ ಕುಗ್ಗಿಲ್ಲ, ಅಲ್ಲಿ ಸೆಲ್‌ನ ಬೀಗವೂ 1983ರಲ್ಲಿ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿದೆ. ಫಾರ್ಮುಲಾವನ್ನು ಬೆರಳಿನ ತಪ್ಪಿನಿಂದ ಉಳಿಸುವ ಹೊಣೆಯನ್ನು ಅದಕ್ಕೆ ನಿಶ್ಚಿಂತೆಯಿಂದ ಒಪ್ಪಿಸಬಹುದು. ಫಾರ್ಮುಲಾ ಸರಿಯಿದೆಯೇ, ಅದನ್ನು ಕೊನೆಯದಾಗಿ ಪರಿಶೀಲಿಸಿದವರು ಯಾರು ಎಂಬುದಕ್ಕೆ ಉತ್ತರ ಹೇಳುವ ಹೊಣೆ ಮಾತ್ರ ಎಂದಿನಂತೆ ಹಾಳೆಯನ್ನು ಕಟ್ಟಿದವರದೂ ಒಪ್ಪಿ ಸಹಿ ಹಾಕಿದವರದೂ ಆಗಿದೆ.